ದೇವದೂತರ ರಾಣಿಯ ಊರಿನಲ್ಲಿ ಮೆಕ್ಕೆಜೋಳದ ರೊಟ್ಟಿ

ಅಮೆರಿಕಕ್ಕೆ ಮಕ್ಕಳನ್ನು ನೋಡಲೆಂದು ಹೋಗುವ ನಮ್ಮ ಕಡೆಯ ತಂದೆತಾಯಂದಿರನ್ನು ವಿಮಾನ ಇಳಿದ ಮೂರನೆಯ ದಿನಕ್ಕೇ ಹಿಡಿಯುವ ಚಿಂತೆಯೆಂದರೆ ಊಟದ್ದು. ಮನೆಯೊಳಗೆ ಗಂಜಿ, ಸಾರು, ಊರಿನಿಂದ ಹೊತ್ತುಕೊಂಡು ಹೋದ ಉಪ್ಪಿನಕಾಯಿ ಹೇಗೂ ನಡೆಯುತ್ತದೆ. ಹೊರಗೆ ಹೋದಾಗ ಏನು ತಿನ್ನುವುದು? ಬ್ರೆಡ್ಡಿನ ನಡುವೆ ತಣ್ಣಗಿನ ಮಾಂಸ, ಉಪ್ಪು ಖಾರ ಕಾಣದ ತರಕಾರಿ. ಎರಡು ಸಲ ತಿಂದರೆ ಮೂರನೆಯ ಸಲ ಬಾಯಿ ಒಪ್ಪುವುದಿಲ್ಲ. ಆದರೆ ಮಗನೋ ಮಗಳೋ ಲಾಸ್ ಏಂಜಲೀಸಿನಲ್ಲಿದ್ದರೆ ನೀವು ಈ ಚಿಂತೆಯನ್ನು ಬಿಟ್ಟುಬಿಡಬಹುದು. ಆ ನಗರದಲ್ಲಿ ಮೆಣಸಿನಕಾಯಿಯ ಖಾರ, ನಿಂಬೆಯ ಹುಳಿ, ಕೊತ್ತಂಬರಿ ಸೊಪ್ಪು, ಕಾವಲಿಯ ಮೇಲೆ ಬೆಂದ ಬಿಸಿ ರೊಟ್ಟಿ, ಎಲೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸಿದ ಕಡುಬು, ಹಂದಿಮಾಂಸ, ಆಡಿನ ಸಾರು ಎಲ್ಲವೂ ಬೀದಿಬೀದಿಯಲ್ಲಿ ಸಿಗುತ್ತವೆ. ಮಾಡುವವರು ಮೆಕ್ಸಿಕೋದವರು.

ನಾನು ಕಾಸರಗೋಡು ಕಡೆಯವಳು. ಮಗಳ ಮನೆಗೆ ಎರಡು ಸಲ ಹೋಗಿದ್ದೇನೆ. 2019ರ ಜನವರಿಯಿಂದ ಮೂರು ತಿಂಗಳು, ಮತ್ತೆ 2025ರ ಅಕ್ಟೋಬರಿನಿಂದ ಆರು ವಾರ. ನಲವತ್ತು ವರ್ಷ ಒಲೆಯ ಮುಂದೆ ನಿಂತವಳ ಕಣ್ಣಿಗೆ ಬಿದ್ದದ್ದನ್ನು ಬರೆಯುತ್ತಿದ್ದೇನೆ. ಹೋಗುವವರಿಗೆ ಉಪಯೋಗವಾದೀತು, ಹೋಗದವರಿಗೆ ಓದಲಿಕ್ಕಾದೀತು.

ಮೊದಲು ಒಂದು ಮಾತು. ‘ಮೆಕ್ಸಿಕೋದ ಊಟ ಎಲ್ಲಿ ಚೆನ್ನಾಗಿರುತ್ತದೆ?’ ಎಂದು ಅಲ್ಲಿ ಯಾರನ್ನಾದರೂ ಕೇಳಿದರೆ ಅವರು ನಿಮ್ಮನ್ನೇ ತಿರುಗಿ ಕೇಳುತ್ತಾರೆ: ‘ಯಾವ ಕಡೆಯ ಊಟ?’ ಇದು ನ್ಯಾಯವಾದ ಪ್ರಶ್ನೆ. ಕಾಸರಗೋಡಿನ ತೆಂಗಿನಕಾಯಿ ಅರೆದ ಮೀನು ಸಾರು, ಸೊಲ್ಲಾಪುರದ ಶೇಂಗಾ ಹಿಂಡಿ, ನೀಲಗಿರಿಯ ಅವರೆಕಾಳಿನ ಸಾರು, ಈ ಮೂರನ್ನೂ ಹೊರಗಿನವರು ‘ಇಂಡಿಯನ್’ ಎಂದು ಒಂದೇ ತಟ್ಟೆಗೆ ಹಾಕಿದರೆ ನಮಗೆ ಹೇಗಾಗುತ್ತದೆ? ಮೆಕ್ಸಿಕೋದಲ್ಲಿ ರಾಜಧಾನಿಯೂ ಸೇರಿ 32 ರಾಜ್ಯಗಳಿವೆ. ಉತ್ತರದ ಸೊನೋರಾದವರು ಗೋಧಿ ರೊಟ್ಟಿ, ದನದ ಮಾಂಸದವರು. ಹಲಿಸ್ಕೊದವರು ಆಡಿನ ಮಾಂಸದವರು. ದಕ್ಷಿಣದ ವಹಾಕದವರು ಏಳೆಂಟು ಬಗೆಯ ಮಸಾಲೆ ಅರೆಯುವವರು. ಯುಕತಾನಿನವರು ಬಾಳೆ ಎಲೆಯವರು. ಈ ಎಲ್ಲ ಕಡೆಯವರೂ ಲಾಸ್ ಏಂಜಲೀಸಿಗೆ ಬಂದಿದ್ದಾರೆ. ಬರುವಾಗ ತಮ್ಮೂರಿನ ಅಡುಗೆಯನ್ನು ಊರಿನ ಹೆಸರಿನ ಸಮೇತ ತಂದಿದ್ದಾರೆ. ಆದ್ದರಿಂದ ಅಂಗಡಿಯ ಬೋರ್ಡಿನಲ್ಲಿ ಊರಿನ ಹೆಸರಿದೆಯೇ ಎಂದು ನೋಡಿ ಒಳಗೆ ಹೋಗುವುದು ಒಳ್ಳೆಯದು. ಅಂದಹಾಗೆ, ಆ ಬೋರ್ಡುಗಳಲ್ಲಿ ಇಂಗ್ಲಿಷಿನ ‘ಜೆ’ ಅಕ್ಷರ ಕಂಡರೆ ‘ಹ’ ಎಂದು ಓದಬೇಕು. ಇದು ತಿಳಿಯದೆ ನಮ್ಮವರು ದಾರಿ ಕೇಳಿದರೆ ಅವರಿಗೆ ಅರ್ಥವೇ ಆಗುವುದಿಲ್ಲ.

ನಮ್ಮಲ್ಲಿ ಹಲವರಿಗೆ ಮೆಕ್ಸಿಕೋದ ಊಟವೆಂದರೆ ಬೆಂಗಳೂರಿನ ಮಾಲ್‌ಗಳಲ್ಲಿ ಮಕ್ಕಳು ಕರೆದುಕೊಂಡು ಹೋಗುವ ಟಾಕೊ ಬೆಲ್. 2010ರಲ್ಲಿ ಅದು ಭಾರತದಲ್ಲಿ ಮೊದಲು ಬಾಗಿಲು ತೆರೆದದ್ದು ಬೆಂಗಳೂರಿನಲ್ಲೇ. ಆದರೆ ಅದರ ಮೂಲ ಇರುವುದು ಲಾಸ್ ಏಂಜಲೀಸಿನ ಪೂರ್ವಕ್ಕಿರುವ ಸಾನ್ ಬರ್ನಾರ್ಡಿನೊ ಎಂಬ ಊರಿನಲ್ಲಿ. ಅಲ್ಲಿ 1937ರಲ್ಲಿ ಲೂಸಿಯಾ ರೊಡ್ರಿಗೆಸ್ ಎಂಬ ಮಹಿಳೆ ಮಿಟ್ಲಾ ಕೆಫೆ ಎಂಬ ಸಣ್ಣ ಊಟದ ಮನೆ ತೆರೆದರು. ರೊಟ್ಟಿಯನ್ನು ಮಡಚಿ ಎಣ್ಣೆಯಲ್ಲಿ ಗರಿಗರಿಯಾಗಿ ಕರಿದು ಮಾಡುವ ಟಾಕೊ ಅವರ ವಿಶೇಷ. ಎದುರುಗಡೆ ಗ್ಲೆನ್ ಬೆಲ್ ಎಂಬವರ ತಿಂಡಿ ಅಂಗಡಿ ಇತ್ತು. ಅವರು ಇಲ್ಲಿಗೆ ಬಂದು ತಿಂದು, ಮಾಡುವ ಬಗೆಯನ್ನು ಕಲಿತುಕೊಂಡು, 1962ರಲ್ಲಿ ತಮ್ಮ ಹೆಸರಿನಲ್ಲೇ ಟಾಕೊ ಬೆಲ್ ಆರಂಭಿಸಿದರು. ಇವತ್ತು ಅದು ಲೋಕವೆಲ್ಲಾ ಇದೆ. ಕಲಿಸಿದವರ ಮನೆ ಇನ್ನೂ ಅದೇ ಊರಿನಲ್ಲಿ, ಅದೇ ರಸ್ತೆಯಲ್ಲಿ ಊಟ ಬಡಿಸುತ್ತಿದೆ. ಒಂದು ಗಂಟೆಗೂ ಹೆಚ್ಚಿನ ಕಾರಿನ ದಾರಿ. ಮಕ್ಕಳಿಗೆ ಬಿಡುವಿದ್ದರೆ ಹೋಗಿಬನ್ನಿ.

ಲಾಸ್ ಏಂಜಲೀಸಿನಲ್ಲಿ ತಿನ್ನಲು ಆರಂಭಿಸಬೇಕಾದ ಜಾಗ ಹಳೆಯ ಚೌಕ. ರೈಲು ನಿಲ್ದಾಣ ಯೂನಿಯನ್ ಸ್ಟೇಷನ್ನಿನಿಂದ ರಸ್ತೆ ದಾಟಿದರೆ ಸಾಕು. 1781ರ ಸೆಪ್ಟೆಂಬರಿನಲ್ಲಿ ಸೊನೋರಾ, ಸಿನಲೋವಾ ಕಡೆಯಿಂದ ಬಂದ 44 ಮಂದಿ, ಇಂಡಿಯನ್ ಮೂಲದವರು, ಆಫ್ರಿಕಾ ಮೂಲದವರು, ಸ್ಪೇನಿನವರು ಬೆರೆತ ಬಡ ಕುಟುಂಬಗಳು, ಇಲ್ಲಿ ನೆಲೆಸಿ ದೇವದೂತರ ರಾಣಿಯ ಹೆಸರಿನಲ್ಲಿ ಊರು ಕಟ್ಟಿದರು. ಲಾಸ್ ಏಂಜಲೀಸ್ ಎಂಬುದು ಆ ಉದ್ದ ಹೆಸರಿನ ಬಾಲ ಮಾತ್ರ. ಚೌಕದ ಪಕ್ಕದಲ್ಲಿ ಅದೇ ಮಾತೆಯ ಹಳೆಯ ದೇವಾಲಯವಿದೆ. 1822ರ ಡಿಸೆಂಬರ್ 8ರಂದು ಅದರ ಪ್ರತಿಷ್ಠೆಯಾಯಿತು. ಜನ ಅದನ್ನು ಪ್ರೀತಿಯಿಂದ ‘ಲಾ ಪ್ಲಸೀತಾ’ ಎಂದು ಕರೆಯುತ್ತಾರೆ. ಆಗ ಈ ನಾಡು ಮೆಕ್ಸಿಕೋಗೆ ಸೇರಿತ್ತು. 1848ರ ಫೆಬ್ರುವರಿ 2ರಂದು, ಯುದ್ಧದಲ್ಲಿ ಸೋತ ಮೆಕ್ಸಿಕೋ ಕ್ಯಾಲಿಫೋರ್ನಿಯವನ್ನು ಅಮೆರಿಕಕ್ಕೆ ಬಿಟ್ಟುಕೊಟ್ಟಿತು. ಮನೆ ಬಿಟ್ಟು ಒಂದು ಹೆಜ್ಜೆ ಕದಲದವರು ಬೆಳಗಾಗುವುದರೊಳಗೆ ಪರದೇಶದವರಾದರು. 1956ರಲ್ಲಿ ಗೆರೆ ಎಳೆದಾಗ ಅಜ್ಜನ ತೋಟ ಇದ್ದಲ್ಲೇ ಇದ್ದು ರಾಜ್ಯ ಬದಲಾದದ್ದನ್ನು ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅವರಿಗೆ ಬದಲಾದದ್ದು ದೇಶವೇ. ‘ನಾವು ಗಡಿ ದಾಟಲಿಲ್ಲ, ಗಡಿಯೇ ನಮ್ಮನ್ನು ದಾಟಿತು’ ಎಂದು ಅಲ್ಲಿಯವರು ಇವತ್ತಿಗೂ ಹೇಳುತ್ತಾರೆ.

ಚೌಕಕ್ಕೆ ತಾಗಿಕೊಂಡು ಓಲ್ವೆರಾ ಬೀದಿಯಿದೆ. ಇಟ್ಟಿಗೆ ಹಾಸಿದ ಗಲ್ಲಿ, ಎರಡೂ ಕಡೆ ಬಣ್ಣದ ಬೊಂಬೆ, ಚರ್ಮದ ಚಪ್ಪಲಿ, ಕಾಗದದ ತೋರಣಗಳ ಅಂಗಡಿಗಳು. ಪ್ರವಾಸಿಗಳಿಗಾಗಿಯೇ 1930ರ ಈಸ್ಟರ್ ಭಾನುವಾರದಂದು ತೆರೆದ ಮಾರುಕಟ್ಟೆ ಇದು. ಅದಕ್ಕೇ ಊಟದ ವಿಷಯದಲ್ಲಿ ಈ ಬೀದಿಯನ್ನು ಕಣ್ಣು ಮುಚ್ಚಿ ನಂಬಬಾರದು. ಆದರೆ ಬೀದಿಯ ತುದಿಯಲ್ಲಿ ‘ಸಿಯೆಲಿತೊ ಲಿಂದೊ’ ಎಂಬ ಚಿಕ್ಕ ಗೂಡು ಇದೆ. 1934ರಿಂದ ಒಂದೇ ಕುಟುಂಬದವರು ನಡೆಸಿಕೊಂಡು ಬಂದದ್ದು. ಮಾಂಸವನ್ನು ರೊಟ್ಟಿಯಲ್ಲಿ ಬೀಡಿಯಂತೆ ಸುರುಳಿ ಸುತ್ತಿ ಕರಿದು, ಮೇಲಿನಿಂದ ಬೆಣ್ಣೆಹಣ್ಣಿನ ತೆಳ್ಳಗಿನ ಹಸಿರು ಚಟ್ನಿ ಸುರಿದುಕೊಡುತ್ತಾರೆ. ನಿಂತುಕೊಂಡೇ ತಿನ್ನಬೇಕು. ಮೊದಲ ದಿನಕ್ಕೆ ಇಷ್ಟು ಸಾಕು.

ಇನ್ನು ರೊಟ್ಟಿಯ ವಿಚಾರ. ಅಕ್ಕಲಕೋಟೆ, ಜತ್ತ ಕಡೆಯ ಓದುಗರು ಇದನ್ನು ಗಮನವಿಟ್ಟು ಓದಬೇಕು. ಟಾಕೊ ಎಂದರೆ ಬೇರೇನೂ ಅಲ್ಲ, ಅಂಗೈಯಗಲದ ಮೆಕ್ಕೆಜೋಳದ ರೊಟ್ಟಿಯ ಮೇಲೆ ಪಲ್ಯವನ್ನೋ ಮಾಂಸವನ್ನೋ ಇಟ್ಟು ಮಡಚಿದ್ದು. ಆ ರೊಟ್ಟಿಗೆ ತೋರ್ತಿಯಾ ಎಂದು ಹೆಸರು. ಆದರೆ ನಮ್ಮ ಹಾಗೆ ಒಣ ಕಾಳನ್ನು ಗಿರಣಿಗೆ ಹಾಕಿ ಹಿಟ್ಟು ಮಾಡುವುದಿಲ್ಲ. ಕಾಳನ್ನು ಸುಣ್ಣದ ನೀರಿನಲ್ಲಿ ಕುದಿಸಿ, ರಾತ್ರಿಯಿಡೀ ನೆನೆಯಲು ಬಿಟ್ಟು, ಬೆಳಿಗ್ಗೆ ಸಿಪ್ಪೆ ಹೋಗುವಂತೆ ತೊಳೆದು, ಹಸಿಯಾಗಿಯೇ ಅರೆಯುತ್ತಾರೆ. ನಮ್ಮ ಅಜ್ಜಿಯಂದಿರು ವೀಳ್ಯದೆಲೆಗೆ ಹಚ್ಚುತ್ತಿದ್ದ ಸುಣ್ಣವೇ ನೋಡಿ! ಅದರಿಂದ ಹಿಟ್ಟಿಗೆ ಜಿಗುಟು ಬರುತ್ತದೆ, ಒಂದು ವಿಶೇಷ ಪರಿಮಳ ಬರುತ್ತದೆ. ಅದಕ್ಕಿಂತ ಮುಖ್ಯವಾಗಿ ಕಾಳಿನೊಳಗೆ ಬಂಧಿಯಾಗಿರುವ ಒಂದು ಜೀವಸತ್ವ ಬಿಡುಗಡೆಯಾಗಿ ಮೈಗೆ ಹತ್ತುತ್ತದೆ. ಮೆಕ್ಕೆಜೋಳವನ್ನು ಯುರೋಪಿಗೆ ಕೊಂಡೊಯ್ದವರು ಬೀಜವನ್ನು ಒಯ್ದರೇ ಹೊರತು ಸುಣ್ಣದ ಕ್ರಮವನ್ನು ಒಯ್ಯಲಿಲ್ಲ. ಹೆಂಗಸರ ಅಡುಗೆಮನೆಯ ಕೆಲಸ ಎಂದು ಕೇಳದೆ ಬಿಟ್ಟರೋ ಏನೋ! ಫಲವಾಗಿ ಇಟಲಿಯ ಉತ್ತರ ಭಾಗದಲ್ಲಿ ಅದನ್ನೇ ಉಂಡು ಬದುಕಿದ ಬಡವರಿಗೆ ಪೆಲಾಗ್ರ ಎಂಬ ಚರ್ಮದ, ಬುದ್ಧಿಭ್ರಮಣೆಯ ಕಾಯಿಲೆ ತಲೆಮಾರುಗಟ್ಟಲೆ ಕಾಡಿತು. ಸುಣ್ಣ ಹಾಕುವ ಮೆಕ್ಸಿಕೋದ ಹಳ್ಳಿಗಳು ಇದರಿಂದ ಪಾರಾಗಿದ್ದವು. ಒಳ್ಳೆಯ ಅಂಗಡಿಯಲ್ಲಿ ಈ ರೊಟ್ಟಿಯನ್ನು ನಿಮ್ಮ ಕಣ್ಣೆದುರೇ ಕಾವಲಿಗೆ ಹಾಕುತ್ತಾರೆ, ಅದು ಉಬ್ಬುತ್ತದೆ. ಪ್ಯಾಕೆಟ್ಟಿನಿಂದ ತೆಗೆದು ಬಿಸಿ ಮಾಡಿದ್ದಾದರೆ ಮಡಚಿದ ಕೂಡಲೆ ಬಿರಿಯುತ್ತದೆ.

ಚೌಕದಿಂದ ಪೂರ್ವಕ್ಕೆ ನದಿ ದಾಟಿದರೆ ಬಾಯ್ಲ್ ಹೈಟ್ಸ್. ಮೆಟ್ರೋ ರೈಲಿನಲ್ಲಿ ಹೋಗಿ ‘ಮರಿಯಾಚಿ ಪ್ಲಾಜಾ’ ನಿಲ್ದಾಣದಲ್ಲಿ ಇಳಿಯಬಹುದು. ಮದುವೆ, ನಾಮಕರಣ, ಹಬ್ಬಗಳಿಗೆ ವಾದ್ಯದವರನ್ನು ಗೊತ್ತುಮಾಡಲು ಜನ ಈ ಚೌಕಕ್ಕೆ ಬರುತ್ತಾರೆ. ನಮ್ಮಲ್ಲಿ ಬ್ಯಾಂಡ್ ಸೆಟ್ಟಿನವರನ್ನು ಹುಡುಕಿಕೊಂಡು ಹೋಗುವ ಹಾಗೆ. ಇಲ್ಲಿ ಗ್ವಾದಲೂಪೆ ಮಾತೆಯ ಚಿತ್ರವಿಲ್ಲದ ಗೋಡೆ ಕಡಿಮೆ. ‘ಎಲ್ ತೆಪೆಯಾಕ್’ ಎಂಬ ಹಳೆಯ ಹೋಟೆಲಿಗಂತೂ ಮಾತೆ ದರ್ಶನವಿತ್ತ ಬೆಟ್ಟದ ಹೆಸರನ್ನೇ ಇಟ್ಟಿದ್ದಾರೆ. ಅಲ್ಲಿನ ಬುರೀತೊ, ಅಂದರೆ ಗೋಧಿ ರೊಟ್ಟಿಯಲ್ಲಿ ಬೀನ್ಸ್, ಅನ್ನ, ಮಾಂಸ ಎಲ್ಲವನ್ನೂ ಇಟ್ಟು ಸುತ್ತಿದ್ದು, ಎಷ್ಟು ದೊಡ್ಡದೆಂದರೆ ನಾವು ಮೂವರು ಹಂಚಿಕೊಂಡು ಉಳಿದದ್ದನ್ನು ಮನೆಗೆ ಕಟ್ಟಿಸಿಕೊಂಡು ಬಂದೆವು.

ಬಾಯ್ಲ್ ಹೈಟ್ಸಿನಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಒಲಿಂಪಿಕ್ ರಸ್ತೆಯ ಬದಿಯಲ್ಲಿ ನಿಲ್ಲುವ ‘ಮರಿಸ್ಕೋಸ್ ಹಲಿಸ್ಕೊ’ ಎಂಬ ಟ್ರಕ್. ರವುಲ್ ಒರ್ತೇಗ ಎಂಬವರು 2002ರಲ್ಲಿ ಆರಂಭಿಸಿದ್ದು. ಅವರ ಊರು ಸಾನ್ ಹುವಾನ್ ದೆ ಲೋಸ್ ಲಾಗೋಸ್, ಮೆಕ್ಸಿಕೋದ ದೊಡ್ಡ ಮರಿಯಮ್ಮನ ಯಾತ್ರಾಸ್ಥಳಗಳಲ್ಲಿ ಒಂದು. ಸಿಗಡಿಯ ಹೂರಣವನ್ನು ರೊಟ್ಟಿಯೊಳಗಿಟ್ಟು ಮಡಚಿ ಎಣ್ಣೆಗೆ ಬಿಡುತ್ತಾರೆ; ಮೇಲೆ ಟೊಮ್ಯಾಟೊ ಚಟ್ನಿ, ಎರಡು ಹೋಳು ಬೆಣ್ಣೆಹಣ್ಣು. ಕಚ್ಚಿದರೆ ಹೊರಗೆ ಗರಿಗರಿ, ಒಳಗೆ ಬಿಸಿಬಿಸಿ ಸಿಗಡಿ. ಸಮುದ್ರದ ಬದಿಯಲ್ಲಿ ಹುಟ್ಟಿ ಬೆಳೆದ ನನ್ನಂಥವಳಿಗೆ ಬೇರೆ ಸರ್ಟಿಫಿಕೇಟು ಬೇಕೆ? ಅಲ್ಲಿಯ ಪತ್ರಿಕೆಗಳಲ್ಲಿ ಊಟದ ಬಗ್ಗೆ ಬರೆಯುತ್ತಿದ್ದ, 2018ರಲ್ಲಿ ತೀರಿಕೊಂಡ ಜೊನಾಥನ್ ಗೋಲ್ಡ್ ಎಂಬವರು ಇಂಥ ಟ್ರಕ್ಕುಗಳನ್ನು, ಮೂಲೆಯ ಅಂಗಡಿಗಳನ್ನು ದೊಡ್ಡ ಹೋಟೆಲುಗಳ ಸಮಕ್ಕೆ ನಿಲ್ಲಿಸಿ ಬರೆದರು. 2007ರಲ್ಲಿ ಅವರಿಗೆ ಪುಲಿಟ್ಜರ್ ಪ್ರಶಸ್ತಿ ಬಂತು. ಹೋಟೆಲು ಊಟದ ಬರಹಕ್ಕೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು.

ವಹಾಕದ ಊಟಕ್ಕೆ ಕೊರಿಯಾದವರ ಬಡಾವಣೆಗೆ ಹೋಗಬೇಕು. ಕೊರಿಯನ್ ಶೈಲಿಯ ಹೆಂಚಿನ ಮಾಡಿನ ಕೆಳಗೆ ‘ಗೆಲಗೆಟ್ಸ’ ಎಂಬ ಹೋಟೆಲಿದೆ. ವಹಾಕದಿಂದ ಬಂದ ಲೋಪೆಸ್ ಕುಟುಂಬ 1994ರಲ್ಲಿ ಆರಂಭಿಸಿದ್ದು. 2015ರಲ್ಲಿ ಜೇಮ್ಸ್ ಬಿಯರ್ಡ್ ಸಂಸ್ಥೆ ಇದನ್ನು ಅಮೆರಿಕದ ಶ್ರೇಷ್ಠ ಊಟದ ಮನೆಗಳಲ್ಲಿ ಒಂದೆಂದು ಗೌರವಿಸಿತು. ಇಲ್ಲಿ ತಿನ್ನಬೇಕಾದದ್ದು ಮೋಲೆ. ಹಲವು ಜಾತಿಯ ಒಣಮೆಣಸು, ಎಳ್ಳು, ಬಾದಾಮಿ, ಲವಂಗ, ದಾಲ್ಚಿನ್ನಿ, ಟೊಮ್ಯಾಟೊ, ಕೊನೆಗೆ ಚಾಕೊಲೇಟು, ಹೀಗೆ ಇಪ್ಪತ್ತರ ಮೇಲೆ ಸಾಮಾನು ಹುರಿದು ಅರೆದು ಗಂಟೆಗಟ್ಟಲೆ ಕುದಿಸಿದ ಕಪ್ಪು ಮಸಾಲೆ. ಕೋಳಿಯ ಮೇಲೆ ಹೊಯ್ದು ಕೊಡುತ್ತಾರೆ. ಚಾಕೊಲೇಟು ಎಂದೊಡನೆ ಮೂಗು ಮುರಿಯಬೇಡಿ. ಸಿಹಿ ನಾಲಿಗೆಯ ತುದಿಗೆ ಬಂದು ಹೋಗುತ್ತದೆ ಅಷ್ಟೆ. ಉಳಿಯುವುದು ಹುರಿದ ಮೆಣಸಿನ ಕಹಿ ಬೆರೆತ ಖಾರ. ಬ್ಯಾಡಗಿಗೂ ಗುಂಟೂರಿಗೂ ವ್ಯತ್ಯಾಸ ತಿಳಿದ ನಮ್ಮ ಹೆಂಗಸರು ಅಲ್ಲಿಯ ಒಣಮೆಣಸಿನ ಅಂಗಡಿಗೆ ಹೋದರೆ ಹೊರಗೆ ಬರುವುದಿಲ್ಲ. ಹಸಿಯಾಗಿದ್ದಾಗ ಒಂದು ಹೆಸರು, ಒಣಗಿದಾಗ ಇನ್ನೊಂದು, ಹೊಗೆ ಹಾಕಿದರೆ ಮತ್ತೊಂದು. ಹೊಟೇಲಿನಲ್ಲಿ ಉಪ್ಪು, ಬೆಳ್ಳುಳ್ಳಿ, ನಿಂಬೆ ಹಾಕಿ ಹುರಿದ ಮಿಡತೆಯೂ ಸಿಗುತ್ತದೆ. ಆ ತಟ್ಟೆಯನ್ನು ಅಳಿಯ ಒಬ್ಬರೇ ಮುಗಿಸಿದರು. ‘ಅಮ್ಮಾ, ಒಂದೇ ಒಂದು’ ಎಂದು ಮಗಳು ಎಷ್ಟು ಒತ್ತಾಯಿಸಿದರೂ ನಾನು ಮುಟ್ಟಲಿಲ್ಲ.

ಗೆಲಗೆಟ್ಸ ಎಂಬ ಮಾತಿನ ಅರ್ಥ ಕೇಳಿ ನನಗೆ ಆಶ್ಚರ್ಯವಾಯಿತು. ಅದು ವಹಾಕದ ಸಪೋತೆಕ್ ಜನರ ಭಾಷೆಯ ಮಾತು. ಒಂದು ಮನೆಯಲ್ಲಿ ಮದುವೆಯೋ ಹಬ್ಬವೋ ಬಂದಾಗ ಊರಿನವರು ಜೋಳ, ಕೋಳಿ, ಮೈದುಡಿಮೆ ತಂದು ಕೊಡುತ್ತಾರೆ. ಅವರ ಮನೆಯ ಸರದಿ ಬಂದಾಗ ಇವರು ಅಷ್ಟನ್ನೇ ಹಿಂತಿರುಗಿಸುತ್ತಾರೆ. ನಮ್ಮ ಮುಯ್ಯಿ ಅಲ್ಲದೆ ಮತ್ತೇನು?

ಯುಕತಾನಿನ ಊಟಕ್ಕೆ ನಗರದ ದಕ್ಷಿಣದ ‘ಮರ್ಕಾದೊ ಲಾ ಪಲೋಮಾ’. ಹಳೆಯ ಕಟ್ಟಡದೊಳಗೆ ಸಣ್ಣ ಸಣ್ಣ ಊಟದ ಮಳಿಗೆಗಳು; ಸ್ಥಳೀಯರಿಗೆ ಮನೆ, ಉದ್ಯೋಗ ಒದಗಿಸಲು ದುಡಿಯುವ ಒಂದು ಸೇವಾಸಂಸ್ಥೆ ನಡೆಸುವ ಜಾಗ. ಇಲ್ಲಿಯ ‘ಚಿಚೆನ್ ಇತ್ಸಾ’ದಲ್ಲಿ ಹಂದಿಮಾಂಸಕ್ಕೆ ಆಚಿಯೊತೆ ಎಂಬ ಕೆಂಪು ಬೀಜದ ಮಸಾಲೆ, ಹುಳಿ ಕಿತ್ತಳೆಯ ರಸ ಹಚ್ಚಿ ಬಾಳೆ ಎಲೆಯಲ್ಲಿ ಸುತ್ತಿ ಬೇಯಿಸುತ್ತಾರೆ. ಬೆರಳಿನಲ್ಲಿ ಮುಟ್ಟಿದರೆ ಎಳೆಎಳೆಯಾಗಿ ಬಿಡುತ್ತದೆ. ನಮ್ಮ ಬಫಾತಿನ ಖಾರ ಇಲ್ಲ, ಆದರೆ ಆ ಹುಳಿ ಇದೆ, ಬಾಳೆ ಎಲೆಯ ಆ ವಾಸನೆ ಇದೆ. ಸನ್ನ ಒಂದು ಇದ್ದಿದ್ದರೆ ಎನಿಸಿತು. ಅದೇ ಮನೆತನದ ಮಗ ಪಕ್ಕದಲ್ಲೇ 2017ರಲ್ಲಿ ‘ಹೋಲ್ಬೊಷ್’ ಎಂಬ ಮೀನಿನ ಮಳಿಗೆ ತೆರೆದರು. 2024ರಲ್ಲಿ ಅದಕ್ಕೆ ಮಿಶೆಲಿನ್ ನಕ್ಷತ್ರ ಬಂತು. ಪಿಂಗಾಣಿ, ಮೇಜುಬಟ್ಟೆಗಳ ಹೋಟೆಲುಗಳಿಗೆ ಸಿಗುವ ಗೌರವ ಕೌಂಟರಿನಲ್ಲಿ ಹಣ ಕೊಟ್ಟು ತಟ್ಟೆ ತೆಗೆದುಕೊಳ್ಳುವ ಜಾಗಕ್ಕೆ ಸಿಕ್ಕಿತು. ಸರತಿಯ ಸಾಲು ಉದ್ದ. ಮಂಡಿನೋವಿನವರು ಬಾಗಿಲು ತೆರೆಯುವ ಮೊದಲೇ ಹೋಗಿ.

ಸೊನೋರಾದ ಗೋಧಿ ರೊಟ್ಟಿಗೆ ನಗರದ ನಡುಭಾಗದ ‘ಸೊನೋರಾಟೌನ್’. ಬಟ್ಟೆಯಷ್ಟು ತೆಳ್ಳಗಿನ, ಒಳಗಿನಿಂದ ಬೆಳಕು ಕಾಣುವಂಥ ರೊಟ್ಟಿ, ಅದರಲ್ಲಿ ಕೆಂಡದ ಮೇಲೆ ಸುಟ್ಟ ದನದ ಮಾಂಸ. ರಾತ್ರಿಯಾದ ಮೇಲೆ ‘ಲಿಯೋಸ್ ಟಾಕೋಸ್’ ಟ್ರಕ್ಕಿನ ಬಳಿ ಜನ ಸೇರುತ್ತಾರೆ. ಸರಳಿಗೆ ಪೋಣಿಸಿದ ಕೆಂಪು ಹಂದಿಮಾಂಸದ ಗೋಪುರ ಬೆಂಕಿಯ ಮುಂದೆ ತಿರುಗುತ್ತಿರುತ್ತದೆ, ತುದಿಯಲ್ಲೊಂದು ಅನಾನಸು. ಹುಡುಗ ಚೂರಿಯಿಂದ ಕೆರೆದು ರೊಟ್ಟಿಗೆ ಬೀಳಿಸಿ, ಅನಾನಸಿನ ಚೂರೊಂದನ್ನು ಗಾಳಿಯಲ್ಲಿ ಹಾರಿಸಿ ಅದೇ ರೊಟ್ಟಿಯಲ್ಲಿ ಹಿಡಿಯುತ್ತಾನೆ. ಗಲ್ಫಿನಲ್ಲಿ ದುಡಿದು ಬಂದ ನಮ್ಮ ಹುಡುಗರು ಇದನ್ನು ನೋಡಿದರೆ ‘ಶವರ್ಮಾ!’ ಎನ್ನುತ್ತಾರೆ. ಸರಿಯೇ. ಲೆಬನಾನಿನಿಂದ ಮೆಕ್ಸಿಕೋಗೆ ವಲಸೆ ಹೋದವರು ಕಲಿಸಿದ್ದು ಇದು. ಕುರಿಯ ಜಾಗದಲ್ಲಿ ಹಂದಿ ಬಂತು.

ಈ ಟ್ರಕ್ಕುಗಳ, ತಳ್ಳುಗಾಡಿಗಳ ಹಿಂದಿನ ಕಷ್ಟವನ್ನು ಹೇಳದೆ ತಿಂದ ರುಚಿಯನ್ನಷ್ಟೇ ಹೇಳುವುದು ನ್ಯಾಯವಲ್ಲ. 2008ರಲ್ಲಿ ಲಾಸ್ ಏಂಜಲೀಸ್ ಕೌಂಟಿಯ ಆಡಳಿತ, ಟ್ರಕ್ಕು ಒಂದೇ ಜಾಗದಲ್ಲಿ ಒಂದು ಗಂಟೆಗಿಂತ ಹೆಚ್ಚು ನಿಂತರೆ ಸಾವಿರ ಡಾಲರ್ ದಂಡ ಅಥವಾ ಜೈಲು ಎಂದು ನಿಯಮ ಮಾಡಿತ್ತು. ನ್ಯಾಯಾಲಯ ಅದನ್ನು ಅದೇ ವರ್ಷ ರದ್ದು ಮಾಡಿತು. ಫುಟ್‌ಪಾತಿನಲ್ಲಿ ಮಾರುವುದಂತೂ ನಗರದಲ್ಲಿ 2017ರವರೆಗೆ ಅಪರಾಧವೇ ಆಗಿತ್ತು. ಪಾತ್ರೆ, ಗಾಡಿ ಎಲ್ಲ ಜಪ್ತಿಯಾಗುತ್ತಿದ್ದವು. ಕೊನೆಗೆ 2018ರಲ್ಲಿ ಕ್ಯಾಲಿಫೋರ್ನಿಯ ರಾಜ್ಯವೇ ಕಾನೂನು ಮಾಡಿ, 2019ರ ಜನವರಿ 1ರಿಂದ ಬೀದಿ ವ್ಯಾಪಾರ ಅಪರಾಧವಲ್ಲ ಎಂದಿತು. ನಾನು ಮೊದಲ ಸಲ ಹೋದದ್ದು ಅದೇ ತಿಂಗಳು. ಮಗಳ ಮನೆಯ ಹತ್ತಿರದ ಬಸ್ ಸ್ಟಾಪಿನಲ್ಲಿ ನನ್ನ ವಯಸ್ಸಿನ ಹೆಂಗಸೊಬ್ಬರು ಬೆಳಿಗ್ಗೆ ಆರಕ್ಕೇ ದೊಡ್ಡ ಹಬೆಪಾತ್ರೆ ಇಟ್ಟುಕೊಂಡು ತಮಾಲೆ ಮಾರುತ್ತಿದ್ದರು. ಅವರಿಗೆ ನನ್ನ ಭಾಷೆ ಬಾರದು, ನನಗೆ ಅವರದು ಬಾರದು. ಬೆರಳಲ್ಲಿ ಎಣಿಸಿ ತೋರಿಸಿದರೆ ಮುಗಿಯಿತು. ನಾಲ್ಕನೆಯ ದಿನದಿಂದ ನನ್ನನ್ನು ಕಂಡಕೂಡಲೆ ಎರಡು ಹೆಚ್ಚು ಖಾರದವನ್ನು ಬೇರೆ ತೆಗೆದಿಡುತ್ತಿದ್ದರು.

2025ರಲ್ಲಿ ಆ ಜಾಗ ಖಾಲಿಯಾಗಿತ್ತು. ಆ ವರ್ಷದ ಜೂನ್ 6ರಿಂದ ವಲಸೆ ಇಲಾಖೆಯವರು ನಗರದಲ್ಲಿ ದೊಡ್ಡ ಪ್ರಮಾಣದಲ್ಲಿ ದಾಳಿ ಆರಂಭಿಸಿದ್ದರು. ಬಟ್ಟೆ ಕಾರ್ಖಾನೆ, ಕೂಲಿಯವರು ನಿಲ್ಲುವ ಅಂಗಡಿಯಂಗಳ, ಕಾರು ತೊಳೆಯುವ ಜಾಗ, ಬೀದಿ ಬದಿಯ ಗಾಡಿ, ಎಲ್ಲಿಯೂ ಬರುತ್ತಿದ್ದರು. ಕಾಗದಪತ್ರ ಇದ್ದವರೂ ಹೆದರಿ ಒಳಗೆ ಕುಳಿತರು. ನೆರೆಯ ಸಾನ್ ಬರ್ನಾರ್ಡಿನೊ ಧರ್ಮಪ್ರಾಂತ್ಯದ ಧರ್ಮಾಧ್ಯಕ್ಷ ಆಲ್ಬರ್ಟೊ ರೋಹಾಸ್‌ರವರು ಜುಲೈಯಲ್ಲಿ, ಬಂಧನದ ಭಯವಿರುವವರು ಭಾನುವಾರದ ಪೂಜೆಗೆ ಬಾರದಿದ್ದರೂ ದೋಷವಿಲ್ಲ ಎಂದು ವಿನಾಯಿತಿ ಕೊಡಬೇಕಾಯಿತು. ಟಾಕೊ ಬೆಲ್‌ಗೆ ದಾರಿ ತೋರಿದ ಅದೇ ಸಾನ್ ಬರ್ನಾರ್ಡಿನೊ. ಲಾಸ್ ಏಂಜಲೀಸಿನಲ್ಲಿ ಕೆಲವು ನೆರೆಹೊರೆಯ ಗುಂಪುಗಳು ಚಂದಾ ಎತ್ತಿ, ಗಾಡಿಯವರ ಸರಕನ್ನೆಲ್ಲ ಒಮ್ಮೆಗೇ ಕೊಂಡು, ಅವರು ಕೆಲವು ದಿನ ಮನೆಯಲ್ಲೇ ಇರುವಂತೆ ಮಾಡಿದವು. ನಮ್ಮ ತಮಾಲೆಯ ಹೆಂಗಸು ಎಲ್ಲಿ ಹೋದರೆಂದು ಮಗಳು ಎರಡು ಮೂರು ಕಡೆ ವಿಚಾರಿಸಿದಳು. ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದರೂ ಹೇಳುವ ಕಾಲ ಅದಲ್ಲ.

ಆ ನಗರಕ್ಕೆ ಇದು ಮೊದಲ ಸಲವೇನಲ್ಲ. ಪ್ರವಾಸಿಗಳಿಗೆಂದು ಓಲ್ವೆರಾ ಬೀದಿಯನ್ನು ಶೃಂಗರಿಸಿ ತೆರೆದದ್ದು 1930ರ ಈಸ್ಟರಿಗೆ ಎಂದೆನಲ್ಲ? ಹತ್ತು ತಿಂಗಳು ಕಳೆದು 1931ರ ಫೆಬ್ರುವರಿ 26ರಂದು, ಅದೇ ಚೌಕದ ದಾರಿಗಳನ್ನು ಮುಚ್ಚಿ, ಬೆಂಚಿನ ಮೇಲೆ ಕುಳಿತಿದ್ದ ಸುಮಾರು 400 ಮಂದಿಯನ್ನು ಸಾಲು ನಿಲ್ಲಿಸಿ ಕಾಗದ ಕೇಳಿದರು. ಆ ದಶಕದಲ್ಲಿ ಲಕ್ಷಾಂತರ ಮಂದಿಯನ್ನು ಮೆಕ್ಸಿಕೋಗೆ ಸಾಗಹಾಕಿದರು. ಅವರಲ್ಲಿ ಅಮೆರಿಕದಲ್ಲೇ ಹುಟ್ಟಿದವರೂ ಬಹಳ. ಬೀದಿಯ ಟಾಕೊ ಬೇಕು, ಮಾಡಿದವರು ಬೇಡ ಎನ್ನುವ ಲೆಕ್ಕ. ಇದಕ್ಕೆ ಕ್ಯಾಲಿಫೋರ್ನಿಯ ರಾಜ್ಯ 2005ರಲ್ಲಿ ಕಾನೂನಿನ ಮೂಲಕವೇ ಕ್ಷಮೆ ಕೇಳಿತು. ಚೌಕದ ಹತ್ತಿರ 2012ರಲ್ಲಿ ನಿಲ್ಲಿಸಿದ ಕ್ಷಮಾಪಣೆಯ ಸ್ಮಾರಕವೂ ಇದೆ. ತಿಂಡಿ ತಿಂದ ಮೇಲೆ ಅದನ್ನೂ ನೋಡಿಕೊಂಡು ಬನ್ನಿ. ಹಾಗೆಯೇ ಲಾ ಪ್ಲಸೀತಾ ದೇವಾಲಯದೊಳಗೆ ಐದು ನಿಮಿಷ ಕುಳಿತುಕೊಳ್ಳಿ. ಮಧ್ಯ ಅಮೆರಿಕದ ಯುದ್ಧಗಳಿಂದ ಓಡಿಬಂದವರಿಗೆ ಈ ದೇವಾಲಯವೇ ಆಶ್ರಯಸ್ಥಾನ ಎಂದು ಅಲ್ಲಿಯ ಧರ್ಮಗುರು ಫಾದರ್ ಲೂಯಿಸ್ ಒಲಿವಾರೆಸ್ 1985ರ ಡಿಸೆಂಬರ್ 12ರಂದು, ಗ್ವಾದಲೂಪೆ ಮಾತೆಯ ಹಬ್ಬದ ದಿನ, ಸಾರಿದ್ದರು. ರಾತ್ರಿ ಅವರೆಲ್ಲ ಬೆಂಚುಗಳ ಮೇಲೆಯೇ ಮಲಗುತ್ತಿದ್ದರು.

ಈಗ ಕೆಲವು ಸಣ್ಣ ಉಪಯೋಗದ ಮಾತುಗಳು. ಟ್ರಕ್ಕಿಗೆ ಹೋಗುವಾಗ ಚಿಲ್ಲರೆ ನೋಟು ಇಟ್ಟುಕೊಳ್ಳಿ. ಈರುಳ್ಳಿ, ಕೊತ್ತಂಬರಿ ಬೇಕೇ ಎಂದು ಕೇಳುತ್ತಾರೆ; ಬೇಕು ಎನ್ನಿ. ಮೂಲಂಗಿ, ನಿಂಬೆ, ಚಟ್ನಿಗಳನ್ನು ಪಕ್ಕದಲ್ಲಿ ಇಟ್ಟಿರುತ್ತಾರೆ, ಬೇಕಾದಷ್ಟು ಹಾಕಿಕೊಳ್ಳಬಹುದು. ಕೆಂಪು ಚಟ್ನಿಯೇ ಖಾರ, ಹಸಿರು ಸಪ್ಪೆ ಎಂದು ತಿಳಿಯಬೇಡಿ; ಎಷ್ಟೋ ಕಡೆ ಹಸಿರೇ ಕಣ್ಣಲ್ಲಿ ನೀರು ಬರಿಸುತ್ತದೆ. ನಾಲಿಗೆ, ತಲೆಮಾಂಸ, ಬೋಟಿ ಎಲ್ಲವೂ ಸಿಗುತ್ತವೆ, ಬಹಳ ಶುಚಿಯಾಗಿ ಮಾಡುತ್ತಾರೆ. ತಪಸ್ಸುಕಾಲದ ಶುಕ್ರವಾರಗಳಲ್ಲಿ ಹೋದರೆ ಮೀನಿನ ಟಾಕೊ ಇದೆ, ಗಿಣ್ಣಿನಂಥ ಚೀಸ್ ತುಂಬಿದ ದೊಡ್ಡ ಮೆಣಸಿನಕಾಯಿ ಇದೆ, ನೊಪಾಲೆಸ್ ಎಂಬ ಪಲ್ಯವಿದೆ. ಈ ನೊಪಾಲೆಸ್ ಏನು ಗೊತ್ತೇ? ರಾಯದುರ್ಗ, ಮಡಕಶಿರಾ ಕಡೆ ಹೊಲದ ಬೇಲಿಯಲ್ಲಿ ಬೆಳೆಯುವ ಪಾಪಾಸುಕಳ್ಳಿಯ ಜಾತಿ! ಎಳೆಯ ಹಾಳೆಯ ಮುಳ್ಳು ಕೆರೆದು, ಹೆಚ್ಚಿ, ಬೇಯಿಸಿ ತಿನ್ನುತ್ತಾರೆ. ಬೆಂಡೆಕಾಯಿಯ ಲೋಳೆಯ ಹಾಗೆ ಸ್ವಲ್ಪ ಇರುತ್ತದೆ. ಪೂರ್ತಿ ಸಸ್ಯಾಹಾರ ಬೇಕಾದವರು ಬೀನ್ಸನ್ನು ಹಂದಿಯ ಕೊಬ್ಬಿನಲ್ಲಿ ಬೇಯಿಸಿದ್ದೇ ಎಂದು ಕೇಳಿ ತಿಳಿದುಕೊಳ್ಳಬೇಕು.

ಕುಡಿಯಲು ಕೋಲಾ ಬೇಡ. ದೊಡ್ಡ ಗಾಜಿನ ಭರಣಿಗಳಲ್ಲಿ ಬಣ್ಣಬಣ್ಣದ ಪಾನಕ ಇಟ್ಟಿರುತ್ತಾರೆ. ಕಂದು ಬಣ್ಣದ್ದು ಹುಣಸೆಹಣ್ಣಿನದು. ಕಡು ಕೆಂಪಿನದು ಪುಂಡಿಯ ಜಾತಿಯ ಹೂವಿನದು. ಸೊಲ್ಲಾಪುರದವರು ಸೊಪ್ಪನ್ನು ತಿಂದರೆ ಇವರು ಹೂವಿನ ಬುಡದ ಕೆಂಪು ಪುಷ್ಪಪಾತ್ರೆಯನ್ನು ಕುದಿಸಿ ಕುಡಿಯುತ್ತಾರೆ. ಬಿಳಿಯದು ಅಕ್ಕಿ ನೆನೆಸಿ ಅರೆದು ದಾಲ್ಚಿನ್ನಿ ಹಾಕಿದ್ದು. ಹುಣಸೆ, ಮಾವು ನಮ್ಮ ಕಡೆಯಿಂದ ಸ್ಪೇನಿನವರ ಹಡಗುಗಳಲ್ಲಿ ಅಲ್ಲಿಗೆ ಹೋದವು. ಮೆಣಸಿನಕಾಯಿ, ಟೊಮ್ಯಾಟೊ, ಪಪ್ಪಾಯಿ, ಚಿಕ್ಕು ಅಲ್ಲಿಂದ ಪೋರ್ಚುಗೀಸರ ಕಾಲದಲ್ಲಿ ನಮ್ಮಲ್ಲಿಗೆ ಬಂದವು. ಬೀದಿಯ ಗಾಡಿಯಲ್ಲಿ ಮಾವಿನ ಹೋಳಿಗೆ ಉಪ್ಪು, ಮೆಣಸಿನ ಪುಡಿ ಉದುರಿಸಿ, ನಿಂಬೆ ಹಿಂಡಿ ಕೊಡುವುದನ್ನು ಕಂಡಾಗ ಯಾರ ಹಣ್ಣಿಗೆ ಯಾರ ಖಾರ ಎಂದು ಲೆಕ್ಕ ಹಾಕುವುದನ್ನೇ ಬಿಟ್ಟೆ.

ಜನವರಿಯಲ್ಲಿ ಹೋಗುವವರು ಮೂರು ರಾಜರ ಹಬ್ಬದ ರೊಟ್ಟಿಯನ್ನು ತಪ್ಪಿಸಬೇಡಿ. ಬಾಯ್ಲ್ ಹೈಟ್ಸಿನ ಯಾವ ಬೇಕರಿಯಲ್ಲಾದರೂ ಸಿಗುತ್ತದೆ. ಬಳೆಯ ಆಕಾರದ ದೊಡ್ಡ ಸಿಹಿ ಬ್ರೆಡ್ಡು, ಮೇಲೆ ಸಕ್ಕರೆಯಲ್ಲಿ ಪಾಕಗೊಂಡ ಹಣ್ಣಿನ ಪಟ್ಟಿಗಳು, ಒಳಗೆಲ್ಲೋ ಬಾಲಯೇಸುವಿನ ಪುಟ್ಟ ಬೊಂಬೆ. ಹೋಳು ಮಾಡಿ ಹಂಚಿದಾಗ ಯಾರ ಪಾಲಿಗೆ ಬೊಂಬೆ ಬರುತ್ತದೋ ಅವರು ಫೆಬ್ರುವರಿ 2ರಂದು, ಬಾಲಯೇಸುವನ್ನು ದೇವಾಲಯದಲ್ಲಿ ಒಪ್ಪಿಸಿದ ಹಬ್ಬಕ್ಕೆ, ಎಲ್ಲರಿಗೂ ತಮಾಲೆ ತಿನ್ನಿಸಬೇಕು. 2019ರಲ್ಲಿ ಮಗಳ ಆಫೀಸಿನವರೊಂದಿಗೆ ಹಂಚಿಕೊಂಡಾಗ ಬೊಂಬೆ ಬಂದದ್ದು ಅಳಿಯನ ಹೋಳಿನಲ್ಲಿ. ಹನ್ನೆರಡು ಮಂದಿಗೆ ತಲಾ ಮೂರರಂತೆ ಮೂರು ಡಜನ್! ಬಸ್ ಸ್ಟಾಪಿನ ಆ ಹೆಂಗಸಿಗೇ ಹೇಳಿದೆವು. ಅರ್ಧ ಕೆಂಪು ಮಸಾಲೆಯ ಹಂದಿಮಾಂಸದ್ದು, ಅರ್ಧ ಹಸಿರು ಮಸಾಲೆಯ ಕೋಳಿಯದು. ಜೋಳದ ತೆನೆಯ ಒಣ ಎಲೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸಿದ್ದನ್ನು ಟವೆಲಿನಲ್ಲಿ ಕಟ್ಟಿ, ಬಿಸಿ ಆರದ ಹಾಗೆ ಬುಟ್ಟಿಯಲ್ಲಿಟ್ಟು ಅವರೇ ಬಾಗಿಲಿಗೆ ತಂದುಕೊಟ್ಟರು. ಅರಸಿನ ಎಲೆಯ ಪತ್ತೋಳಿ ಬಿಚ್ಚುವಂತೆಯೇ ಬಿಚ್ಚಬೇಕು, ಎಲೆಯನ್ನು ತಿನ್ನಬಾರದು. ಈಗ ಹೋಗುವವರು ತಮಾಲೆ ಬೇಕಾದರೆ ಹಬ್ಬಕ್ಕೆ ಎರಡು ವಾರ ಮೊದಲೇ ಹತ್ತಿರದ ಧರ್ಮಕೇಂದ್ರದಲ್ಲಿ ವಿಚಾರಿಸಿ. ಅನೇಕ ಕಡೆ ಪೂಜೆಯ ನಂತರ ಮಹಿಳೆಯರು ಡಜನ್ ಲೆಕ್ಕದಲ್ಲಿ ಹೆಸರು ಬರೆದುಕೊಳ್ಳುತ್ತಾರೆ. ಪಾತ್ರೆಯನ್ನು ಮಾತ್ರ ನೀವೇ ಒಯ್ಯಬೇಕು.